ಐದೇ ನಿಮಿಷದ ಪೇಂಟರು

ಬೋರ್ಡು ಬರೆಯುವುದರಲ್ಲಿ ಪೇಂಟರದು ಎತ್ತಿದ ಕೈ. ಬರೆಯುವುದನ್ನು ಮುಂದಕ್ಕೆ ಹಾಕುವುದರಲ್ಲೂ ಅಷ್ಟೆ. ಔಷಧಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಬಸ್ ನಿಲ್ದಾಣದ ಎದುರಿನ ಲಾಡ್ಜು, ಎಲ್ಲದರ ನೆತ್ತಿಯ ಮೇಲೂ ಅವರದೇ ಅಕ್ಷರಗಳು. ಬಣ್ಣ ಮಾಸಿದರೂ ಗತ್ತು ಮಾಸದಂಥವು. ಆದರೆ ಅವುಗಳಲ್ಲಿ ಒಂದಾದರೂ ಬೋರ್ಡಿನ ಸಮೇತ ಬಾಗಿಲು ತೆರೆದದ್ದಿಲ್ಲ. ಮೊದಲು ಅಂಗಡಿ ಶುರುವಾಗುವುದು, ಮಾಲೀಕ ಬಂದು ಗೋಗರೆಯುವುದು, ಆಮೇಲೆ ಬೋರ್ಡು. ಯಾರು ಕೇಳಿದರೂ ಉತ್ತರ ಒಂದೇ: "ಐದೇ ನಿಮಿಷ, ಬಂದೆ." ಅದಕ್ಕೇ ಬೀದಿಯವರು ಹಿಂದಿನಿಂದ ಅವರನ್ನು ಐದ್ನಿಮಿಷ ಎಂದು ಕರೆಯುತ್ತಿದ್ದರು. ಎದುರಿಗೇ ಕರೆದಿದ್ದರೂ ಅವರೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬೇಸರ ಮಾಡಿಕೊಳ್ಳಲು ಪುರುಸೊತ್ತು ಬೇಕಲ್ಲ.

ಇದ್ದ ಪುರುಸೊತ್ತನ್ನೆಲ್ಲ ನುಂಗುತ್ತಿದ್ದದ್ದು ಒಂದು ಬೆಂಚು. ಪೇಂಟರ ಶೆಡ್ಡು ರಸ್ತೆಯ ಈ ಬದಿಗೆ, ಸೈಕಲ್ ರಿಪೇರಿ ಅಂಗಡಿ ಆ ಬದಿಗೆ. ಸೀಮೆಸುಣ್ಣದಲ್ಲಿ ನಾಲ್ಕು ಅಕ್ಷರ ಗೀಚಿದ ಕೂಡಲೇ ಪೇಂಟರು ರಸ್ತೆ ದಾಟಿ, ಆಚೆ ನಿಂತು, ಒಂದು ಕಣ್ಣು ಮುಚ್ಚಿ ಅವುಗಳ ಅಂದಚಂದ ನೋಡಬೇಕು. ಅದು ಕಸುಬಿನ ಮಾತು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ನೋಡಲು ಹೋದವರು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದರು. ಕೂತ ಮೇಲೆ ಟೀ, ಟೀ ಜೊತೆ ಪೇಪರು, ಪೇಪರಿನ ಜೊತೆ ಸೈಕಲ್ಲಣ್ಣನ ಅಭಿಪ್ರಾಯ. ಸೈಕಲ್ಲಣ್ಣ ಎಂದರೆ ಆ ಅಂಗಡಿಯವನು; ಚಕ್ರ ಬಿಚ್ಚಿದಷ್ಟೇ ಸಲೀಸಾಗಿ ಮಾತು ಬಿಚ್ಚುವವನು. ಇಬ್ಬರೂ ಸೇರಿ ದಿನಕ್ಕೊಮ್ಮೆಯಾದರೂ ಫ್ಲೆಕ್ಸ್ ಬ್ಯಾನರುಗಳಿಗೆ ಹಿಡಿಶಾಪ ಹಾಕಿದರೇ ಸಮಾಧಾನ. "ಕಂಪ್ಯೂಟರ್ ಒತ್ತಿದ್ರೆ ಈಚೆ ಬೀಳತ್ತೆ, ಅದೂ ಒಂದು ಬೋರ್ಡಾ?" ಎಂದು ಇವರು. "ಒಂದು ಜೋರು ಗಾಳಿ ಬರ್ಲಿ, ಹರ್ಕೊಂಡು ಹೋಗತ್ತೆ" ಎಂದು ಅವನು. ಅಷ್ಟು ಹೊತ್ತಿಗೆ ಈ ಬದಿಯಲ್ಲಿ ಡಬ್ಬಿಯ ಬಣ್ಣ ಕೆನೆ ಕಟ್ಟಿರುತ್ತಿತ್ತು.

ಪೇಂಟರ ಹೆಂಡತಿ ಟೈಲರು. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರೊಬ್ಬರಿದ್ದಾರೆ ಎಂದರೆ ಯಾರೂ ನಂಬುವುದಿಲ್ಲ, ಆದರೆ ಟೈಲರಮ್ಮ ಕೊಡುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬೀದಿಗೆಲ್ಲ ಹೊಲಿಯುತ್ತಿದ್ದರು. ಗಂಡನ ಅಂಗಿಗೆ ಬ್ರಷ್ ಸಿಕ್ಕಿಸಲು ಉದ್ದನೆಯ ಜೇಬು ಬೇಕು. ಅಂಥ ಅಂಗಿಯನ್ನು ಹಳೆಯದು ಹರಿಯುವ ಮೊದಲೇ ಹೊಲಿದು ಮಡಿಚಿಡುತ್ತಿದ್ದರು. ಅವರು ತಮಗೆಂದು ಗಂಡನನ್ನು ಕೇಳಿದ್ದು ಒಂದೇ ಒಂದು ಬೋರ್ಡು.

ಪೇಂಟರು ಇಲ್ಲ ಎಂದವರೇ ಅಲ್ಲ. ಕೇಳಿದ ವಾರವೇ ಉದ್ದನೆಯ ತಗಡು ತಂದು, ಚೌಕಟ್ಟು ಕೂರಿಸಿ, ಬಿಳಿ ಪ್ರೈಮರ್ ಹೊಡೆದು ಹಿತ್ತಲಿನ ಗೋಡೆಗೆ ಒರಗಿಸಿದರು. ಹೆಂಡತಿಯ ಬೋರ್ಡು ಎಲ್ಲಿಗೆ ಓಡಿಹೋಗುತ್ತದೆ ಎಂಬ ಧೈರ್ಯದಲ್ಲಿ ಉಳಿದವರ ಕೆಲಸ ಮೊದಲು ಹಿಡಿದರು. ವರ್ಷಕ್ಕೊಮ್ಮೆ ಅದರ ಮುಖ ಮಾಸಿತೆಂದು ಮತ್ತೊಂದು ಕೋಟು ಪ್ರೈಮರ್ ಹೊಡೆಯುವರು. ಅದರ ಹಿಂದೆ ಬೆಕ್ಕೊಂದು ಮರಿ ಹಾಕಿತು, ಆ ಮರಿಗಳೂ ದೊಡ್ಡವಾಗಿ ಹೋದವು. ಬೋರ್ಡು ಮಾತ್ರ ಬೆಳ್ಳಗೆ, ದಪ್ಪಗೆ, ಒಂದಕ್ಷರವಿಲ್ಲದೆ ಅಲ್ಲೇ ನಿಂತಿತ್ತು.

ಹೀಗಿರುವಾಗ ಶೆಡ್ಡಿನ ಪಕ್ಕದ ಮಳಿಗೆ ಖಾಲಿಯಾಯಿತು, ಟೈಲರಮ್ಮ ಅದನ್ನು ಬಾಡಿಗೆಗೆ ಹಿಡಿದರು. ಬಡಗಿಯನ್ನು ಕರೆಸಿ ಹಿತ್ತಲಿನ ಖಾಲಿ ತಗಡನ್ನೇ ಬಾಗಿಲ ಮೇಲೆ ಹೊಡೆಸಿಯೂ ಬಿಟ್ಟರು. ಆಮೇಲೆ ದಾರ ಕಚ್ಚಿ ತುಂಡರಿಸುತ್ತಾ, ದನಿ ಏರಿಸದೆ ಹೇಳಿದರು, "ರೀ, ಸೋಮವಾರ ಬಾಗ್ಲು ತೆಗೆಯೋ ಹೊತ್ತಿಗೆ ಅದರ ಮೇಲೆ ಅಕ್ಷರ ಇರ್ಬೇಕು."

"ಇರತ್ತೆ ಕಣೇ. ಐದೇ ನಿಮಿಷದ ಕೆಲಸ."

"ಆ ಐದು ನಿಮಿಷ ಮೂರು ವರ್ಷದಿಂದ ನೋಡ್ತಾನೇ ಇದೀನಿ. ಆಗ್ಲಿಲ್ಲ ಅಂದ್ರೆ ಹೇಳ್ಬಿಡಿ, ಫ್ಲೆಕ್ಸ್ ಹಾಕಿಸ್ಕೋತೀನಿ."

ಜಗತ್ತಿನಲ್ಲಿ ಯಾರು ಬೇಕಾದರೂ ಫ್ಲೆಕ್ಸ್ ಹಾಕಿಸಿಕೊಳ್ಳಲಿ, ಪೇಂಟರ ಹೆಂಡತಿಯ ಅಂಗಡಿಗೆ, ಅದೂ ಪೇಂಟರ ಶೆಡ್ಡಿನ ಪಕ್ಕದಲ್ಲೇ! ಬೀದಿಯವರ ನಗು ಒಂದು ಕಡೆಗಿರಲಿ. ಪೇಂಟರಿಗೆ ಕುಟುಕಿದ್ದು ಆಕೆ ಸಿಟ್ಟಾಗದೆ ಹೇಳಿದ್ದು. ಸಿಟ್ಟಾಗುವಷ್ಟು ನಂಬಿಕೆಯೂ ತನ್ನ ಮೇಲೆ ಉಳಿದಿಲ್ಲವೇನೋ ಎಂದು ಮೊದಲ ಸಲ ಹೆದರಿಕೆಯಾಯಿತು.

ಹೆದರಿದ ಪೇಂಟರು ಬದಲಾಗಲು ನಿರ್ಧರಿಸಿದರು. ಬದಲಾಗುವುದು ಹೇಗೆ ಎಂದು ತಿಳಿಯಬೇಕಲ್ಲ, ಫೋನಿನಲ್ಲಿ ಒಬ್ಬರ ಭಾಷಣ ಹಾಕಿದರು. ಹೊತ್ತು ಹಾಳುಮಾಡುವ ಚಟಗಳನ್ನು ಬುಡಸಮೇತ ಕಿತ್ತೊಗೆಯಿರಿ ಎಂದು ಆ ಮಹಾಶಯರು ಹೇಳುತ್ತಿದ್ದರು. ಅದು ಎಷ್ಟು ಚೆನ್ನಾಗಿತ್ತೆಂದರೆ, ಪೇಂಟರು ಅದೇ ಬೆಂಚಿನ ಮೇಲೆ ಕೂತು ಅವರ ಇನ್ನಷ್ಟು ಭಾಷಣಗಳನ್ನು ಕೇಳಿದರು. ಸೈಕಲ್ಲಣ್ಣನೂ ತಲೆದೂಗಿದ. ಆ ದಿನ ಹಾಗೆ ಕಳೆಯಿತು.

ಶನಿವಾರ ಬೆಳಗ್ಗೆ ಮಾತ್ರ ಅವರು ಬೇರೆಯೇ ಮನುಷ್ಯ. ಫೋನನ್ನು ಹೆಂಡತಿಯ ಕೈಗಿತ್ತರು. ಟೀಗೆ ಎಳ್ಳುನೀರು ಬಿಟ್ಟರು. ಪೇಪರನ್ನು ಬ್ರಷ್ ಒರೆಸಲು ಹರಿದಿಟ್ಟುಕೊಂಡರು. ಕೊನೆಗೆ ರಸ್ತೆಯ ಈಚೆಯಿಂದಲೇ ಸೈಕಲ್ಲಣ್ಣನಿಗೆ ಕೂಗಿ ಹೇಳಿದರು, "ಇವತ್ತಿಂದ ನಾನು ಆ ಕಡೆ ಕಾಲಿಡಲ್ಲಪ್ಪ."

"ಯಾಕೆ, ನಾನೇನ್ ಮಾಡ್ದೆ?" ಎಂದ ಅವನು, ಕೈಯಲ್ಲಿ ಪಂಪು ಹಿಡಿದುಕೊಂಡೇ. ಪಾಪ, ಅವನ ಮುಖ ಸಪ್ಪಗಾಯಿತು.

ಪೇಂಟರು ಏಣಿ ಹತ್ತಿದರು. ಬರೆಯಬೇಕಾದ ಮಾತನ್ನು ಟೈಲರಮ್ಮನೇ ಹೇಳಿದ್ದರು: ‘ಎಲ್ಲಾ ಬಗೆಯ ಬಟ್ಟೆಗಳನ್ನು ಹೇಳಿದ ದಿನಕ್ಕೆ ಹೊಲಿದು ಕೊಡಲಾಗುವುದು.’ ಆ ‘ಹೇಳಿದ ದಿನಕ್ಕೆ’ ಯಾರಿಗೆ ಮುಟ್ಟಲೆಂದು ಬರೆಸಿದ್ದು ಎಂಬ ಗುಮಾನಿ ಪೇಂಟರಿಗಿತ್ತು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ತುದಿಗೆ ಬಿಗಿಯಾಗಿ ಹಿಡಿದು ಮೀಟಿದರೆ ಬೋರ್ಡಿನ ಮೇಲೆ ನೇರ ಗೆರೆ ಮೂಡುತ್ತದೆ. ಇಷ್ಟು ವರ್ಷ ಇನ್ನೊಂದು ತುದಿ ಹಿಡಿಯುತ್ತಿದ್ದವನು ಸೈಕಲ್ಲಣ್ಣ. ಅವನನ್ನೇ ಬಿಟ್ಟ ಮೇಲೆ ದಾರವೇಕೆಂದು ಕಣ್ಣಳತೆಯಲ್ಲೇ ಶುರು ಹಚ್ಚಿಕೊಂಡರು. ಮೂಗು ತಗಡಿಗೆ ತಾಗುವಷ್ಟು ಹತ್ತಿರ ನಿಂತು, ಒಂದು ಅಕ್ಷರ ಮುಗಿದರೆ ಇನ್ನೊಂದು, ಏಣಿ ಸರಿಸಿದರೆ ಮತ್ತೊಂದು. ಆಚೀಚೆ ನೋಡಲಿಲ್ಲ, ಯಾರಾದರೂ ಮಾತಾಡಿಸಿದರೆ ಹ್ಞೂಂ ಅನ್ನಲಿಲ್ಲ. ಊಟದ ಹೊತ್ತಿಗೆ ಬೋರ್ಡು ಮುಗಿದೇ ಹೋಯಿತು. ತಮ್ಮ ಮೇಲೆ ತಮಗೇ ಅಭಿಮಾನ ಉಕ್ಕಿ, ಒಳಗಿದ್ದ ಹೆಂಡತಿಯನ್ನು ಕರೆದರು.

ಟೈಲರಮ್ಮ ಹೊರಗೆ ಬಂದು, ರಸ್ತೆ ದಾಟಿ, ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಸನ್ನೆ ಮಾಡಿ ಕರೆದರು.

"ನಾನು ಆ ಕಡೆ ಬರಲ್ಲ ಅಂತ ಶಪಥ ಮಾಡಿದೀನಿ."

"ಬನ್ನಿ ಅಂದೆ."

ಪೇಂಟರು ಶಪಥ ಮುರಿದು ರಸ್ತೆ ದಾಟಿದರು. ತಿರುಗಿ ನೋಡಿದವರ ಮುಖ ಇಂಗು ತಿಂದ ಮಂಗನಂತಾಯಿತು. ಸಾಲು ಎಡಗಡೆಯಿಂದ ಹೊರಟು ಬಲಗಡೆಗೆ ಜಾರುಬಂಡಿ ಆಡುತ್ತಿತ್ತು. ‘ಎಲ್ಲಾ ಬಗೆಯ’ ಎಂಬುದು ಧಾರಾಳವಾಗಿ ಕಾಲು ಚಾಚಿ ಕೂತಿದ್ದರೆ, ಜಾಗ ಸಾಲದೆ ‘ಕೊಡಲಾಗುವುದು’ ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದಿತ್ತು. ಸೈಕಲ್ಲಣ್ಣ ದೊಡ್ಡ ಮನಸ್ಸು ಮಾಡಿ, ಕೆಟ್ಟಿರದ ಒಂದು ಚಕ್ರವನ್ನು ತಲೆ ತಗ್ಗಿಸಿ ತಿರುಗಿಸತೊಡಗಿದ.

"ಎಲ್ಲಾ ಚಟಾನೂ ಬಿಟ್ಟಿದ್ದೆ ಕಣೇ" ಎಂದರು ಪೇಂಟರು.

ಟೈಲರಮ್ಮ ನಗಲಿಲ್ಲ. "ಬೆಂಚು ಬಿಡಬೇಕಾಗಿತ್ತು ರೀ. ರಸ್ತೆ ದಾಟೋದನ್ನ ಯಾಕೆ ಬಿಟ್ರಿ?"

ಇಷ್ಟು ವರ್ಷ ಒಂದಕ್ಕೊಂದು ಅಂಟಿಕೊಂಡೇ ಇದ್ದ ಎರಡನ್ನು ಆಕೆ ಕತ್ತರಿ ಹಾಕಿದಂತೆ ಬೇರೆ ಮಾಡಿಟ್ಟಿದ್ದರು. ಬಣ್ಣ ಇನ್ನೂ ಹಸಿಯಾಗಿತ್ತು. ಪೇಂಟರು ಏಣಿ ಹತ್ತಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ, ಅದರ ಮೇಲೆ ಮತ್ತೆ ಬಿಳಿ ಹೊಡೆದರು. ಹಾಗೆ ಆ ಬೋರ್ಡಿಗೆ ಇನ್ನೊಂದು ಕೋಟು ಸೇರಿತು.

ಭಾನುವಾರ ಬೆಳಗ್ಗೆ ಬಿಳಿ ಒಣಗಿತ್ತು. ಸೈಕಲ್ಲಣ್ಣ ಕರೆಯುವ ಮೊದಲೇ ಬಂದು ದಾರದ ತುದಿ ಹಿಡಿದ. ಪೇಂಟರು ಗೀಚಿದರು, ಇಳಿದರು, ರಸ್ತೆ ದಾಟಿದರು. ಅಭ್ಯಾಸಬಲದಿಂದ ಕೂರಲು ಬೆನ್ನು ಬಾಗಿಸಿದರೆ, ಬೆಂಚಿನ ತುಂಬ ಟೈಲರಮ್ಮ! ಗುಂಡಿ ಹಾಕಬೇಕಾದ ಅಂಗಿಗಳನ್ನು ಒಂದು ಪಕ್ಕ, ದಾರದ ಡಬ್ಬಿಯನ್ನು ಇನ್ನೊಂದು ಪಕ್ಕ ಹರಡಿಕೊಂಡು, ಒಂದು ಗೇಣು ಜಾಗ ಬಿಡದೆ ಕೂತಿದ್ದರು. ತಲೆಯೆತ್ತದೆ, "ನೋಡಿ ಆಯ್ತಾ?" ಎಂದರು. ಪೇಂಟರು ಒಂದು ಕಣ್ಣು ಮುಚ್ಚಿ ನೋಡಿ, ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸ್ಸು ನಡೆದರು. ದಿನವಿಡೀ ಹೀಗೇ ನಡೆಯಿತು. ಟೀ ಬಂತು, ನಿಂತೇ ಕುಡಿದರು. ಬಿಸಿಲು ಇಳಿಯುವಷ್ಟರಲ್ಲಿ ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು.

ಸೋಮವಾರ ಹೇಳಿದ ಹೊತ್ತಿಗೆ ಅಂಗಡಿ ತೆರೆಯಿತು. ಬೋರ್ಡಿನ ಸಮೇತ. ಸ್ವಲ್ಪ ಹೊತ್ತಿಗೆ ಒಬ್ಬಾತ ಸುರುಳಿ ಸುತ್ತಿದ ಫ್ಲೆಕ್ಸ್ ತಂದು ಕೌಂಟರಿನ ಮೇಲಿಟ್ಟು ಹೋದ.

"ಅಂದ್ರೆ ನಿಜವಾಗ್ಲೂ ಫ್ಲೆಕ್ಸ್ ಮಾಡೋಕೆ ಹೇಳಿದ್ಯಾ?" ಪೇಂಟರ ದನಿ ಇಳಿದುಹೋಗಿತ್ತು.

"ಮತ್ತೆ? ನಿಮ್ಮ ಐದು ನಿಮಿಷ ನಂಬ್ಕೊಂಡು ಕೂತಿರ್ಬೇಕಿತ್ತಾ?"

ಅವರಿಗೆ ನೋವಾಯಿತು. ಆಕೆಯದೇನೂ ತಪ್ಪಿಲ್ಲವೆಂದು ಗೊತ್ತಿದ್ದರಿಂದ ಇನ್ನೂ ಸ್ವಲ್ಪ ಹೆಚ್ಚೇ ಆಯಿತು. ಟೈಲರಮ್ಮ ಫ್ಲೆಕ್ಸನ್ನು ಬಿಚ್ಚಿ, ಅಕ್ಷರ ಒಳಗಾಗುವಂತೆ ಮಡಿಚಿ, ಮೆಷಿನ್ನಿನ ಅಳತೆ ಹಿಡಿದು ಮೂಲೆ ಹೊಲಿದರು. "ಮೆಷಿನ್ ಮೇಲೆ ಧೂಳು ಕೂರದ ಹಾಗೆ ಮುಚ್ಚೋಕೆ ಒಂದು ಹೊದಿಕೆ ಬೇಕಾಗಿತ್ತು" ಎಂದು, ಬಂದ ಮೊದಲ ಗಿರಾಕಿಯ ಅಳತೆ ತೆಗೆದುಕೊಳ್ಳಲು ಎದ್ದರು.

ಸಂಜೆ ಪೇಂಟರು ಬ್ರಷ್ ತೊಳೆದು, ಶೆಡ್ಡಿಗೆ ಬೀಗ ಹಾಕಿದರು. ಪಕ್ಕದ ಮಳಿಗೆಯ ಶಟರು ಆಗಲೇ ಇಳಿದಿತ್ತು, ಹೆಂಡತಿ ಕಾಣಿಸಲಿಲ್ಲ. ನೋಡಿದರೆ ರಸ್ತೆಯ ಆಚೆ, ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಕೈಯಲ್ಲಿ ಹೊಲಿಗೆಯಿರಲಿಲ್ಲ. ಮುಖ ಎತ್ತಿ ಬೋರ್ಡನ್ನೇ ನೋಡುತ್ತಿದ್ದರು, ಬೆಳಗ್ಗಿನಿಂದ ನೋಡಲು ಬಿಡುವೇ ಸಿಕ್ಕಿರಲಿಲ್ಲವೇನೋ.

"ಕತ್ತಲಾಗ್ತಾ ಬಂತು, ಮನೆಗೆ ಹೋಗೋಣ ಬಾರೇ" ಎಂದು ಪೇಂಟರು ಕೂಗಿದರು.

ಟೈಲರಮ್ಮ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. "ಐದೇ ನಿಮಿಷ ಇರಿ, ಬಂದೆ" ಎಂದರು.

ಪೇಂಟರು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕಾದರು.