ಬೀಗದಕ್ಕನ ಬಿಡಿ ಫೋನು

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಮೆಕ್ಯಾನಿಕ್‌ಗಳಿಗೆಲ್ಲ ಅವಳು ಬೀಗದಕ್ಕ. ಅವರ ಜೇಬಿನಲ್ಲಿದ್ದ ಕಂಪನಿಯ ಫೋನುಗಳಿಗೆ ಬೀಗ ಹಾಕುವವಳು, ತೆಗೆಯುವವಳು, ಯಾವುದಾದರೂ ಕಳೆದುಹೋದರೆ ಕೂತಲ್ಲಿಂದಲೇ ಅದರೊಳಗಿನದನ್ನೆಲ್ಲ ಅಳಿಸಿಹಾಕುವವಳು ಅವಳೇ. ಎಷ್ಟೋ ಕಟ್ಟಡಗಳ ಬಾಗಿಲು ತೆರೆಯುವ ಗುಪ್ತ ಅಂಕಿಗಳು ಆ ಫೋನುಗಳಲ್ಲಿದ್ದವು. ಒಂದು ಫೋನು ಕಳ್ಳನ ಕೈಗೆ ಸಿಕ್ಕರೆ ಒಂದು ಬೀದಿಯೇ ಬಾಯಿ ತೆರೆದುಕೊಂಡು ನಿಂತ ಹಾಗೆ.

ಉಕ್ಕಿನ ಹಗ್ಗ ಹಿಡಿದು ಹಿಡಿದು ಮೆಕ್ಯಾನಿಕ್‌ಗಳ ಬೆರಳ ಗೆರೆ ಸವೆದುಹೋಗಿತ್ತು. ಫೋನು ಅವರ ಬೆರಳನ್ನು ಗುರುತಿಸುತ್ತಿರಲಿಲ್ಲ. ಅಂಕಿ ಒತ್ತಿ ತೆರೆಯೋಣವೆಂದರೆ ಅಂಕಿ ಮರೆಯುತ್ತಿತ್ತು. ಯಾವುದೋ ಕಟ್ಟಡದ ನೆತ್ತಿಯಿಂದ ಕರೆ ಬರುತ್ತಿತ್ತು.

"ಅಕ್ಕಾ, ಮತ್ತೆ ಮುಚ್ಕೊಂಡಿದೆ."

"ಎಷ್ಟು ಸಲ ತಪ್ಪು ಒತ್ತಿದ್ರಿ?"

"ನಾನು ಒತ್ತಿದ್ದು ಸರೀನೇ. ಫೋನಿಗೇ ನನ್ನ ಮೇಲೆ ನಂಬಿಕೆ ಇಲ್ಲ."

ಅವಳ ಕೋಣೆ ಬಿಡಿಭಾಗಗಳ ಸ್ಟೋರಿಗೂ ಮೆಟ್ಟಿಲಿಗೂ ನಡುವೆ ಕಿಟಕಿಯಿಲ್ಲದೆ ಇತ್ತು. ಮೂಲೆಯ ಕಬ್ಬಿಣದ ಕಪಾಟಿನಲ್ಲಿ ಸರ್ವರ್. ಅದು ಬಿಸಿಯಾಗಬಾರದೆಂದು ಕೋಣೆಯನ್ನು ತಣ್ಣಗಿಟ್ಟಿದ್ದರು. ಹೊರಗೆ ಎಲ್ಲರೂ ಬೆವರುವ ದಿನಗಳಲ್ಲೂ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಸರ್ವರಿನ ಫ್ಯಾನಿನ ಸದ್ದು ಅವಳ ಜೊತೆಯಲ್ಲೇ ಮನೆಗೆ ಬರುತ್ತಿತ್ತು. ದಿಂಬಿಗೆ ಕಿವಿಯೊತ್ತಿದರೂ ಬಿಡುತ್ತಿರಲಿಲ್ಲ.

ಮಂಡಿನೋವು ಶುರುವಾದ ಮೇಲೆ ಲಿಫ್ಟ್ ಬಿಟ್ಟು ಸ್ಟೋರಿನ ಕೌಂಟರಿಗೆ ಬಂದಿದ್ದ ಹಳೆಯ ಮೆಕ್ಯಾನಿಕ್ ಒಬ್ಬರಿದ್ದರು. ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದ್ದರಿಂದ ಅವರು ಎಲ್ಲರಿಗೂ ಗ್ರೀಸ್ ಮಾಮ.

"ಬೀಗದಕ್ಕ, ನಿಮ್ಮನೇಲಿ ಸಕ್ಕರೆ ಡಬ್ಬಿಗೂ ಪಾಸ್‌ವರ್ಡ್ ಇದೆಯಂತಲ್ಲ?"

"ಇದೆ ಮಾಮ. ನೀವು ಬಂದು ಹೋದ ಮೇಲೆ ಬದಲಾಯಿಸ್ತೀನಿ."

ಮನೆಯಲ್ಲಿ ಅವಳು ಬೀಗ ಹಾಕಲಾಗದೇ ಇದ್ದದ್ದು ಒಂದೇ, ಅಪ್ಪನ ಕಾಲಿಗೆ. ದುಡಿಯುವ ಕಾಲದುದ್ದಕ್ಕೂ ಗೋದಾಮೊಂದರ ಕಾವಲುಗಾರನಾಗಿದ್ದ ಮನುಷ್ಯ. ಅಮ್ಮ ಹೋದ ಮೇಲೆ ಅವನ ನೆನಪು ಸೋಪಿನ ಬಿಲ್ಲೆಯ ಹಾಗೆ ದಿನವೂ ಸ್ವಲ್ಪ ಸ್ವಲ್ಪ ಸವೆಯತೊಡಗಿತ್ತು. ನಡೆಯುವುದು ಮಾತ್ರ ಮರೆತಿರಲಿಲ್ಲ. ಒಮ್ಮೆ ಹೊರಟವನು ಇಡೀ ದಿನ ಸಿಗಲಿಲ್ಲ. ಆ ವಾರವೇ ಅವಳು, ಕೆಲಸ ಬಿಟ್ಟವರು ಹಿಂದಿರುಗಿಸಿದ ಫೋನುಗಳಿದ್ದ ಡ್ರಾಯರಿನಿಂದ ಒಂದನ್ನು ತೆಗೆದು, ದಾರ ಕಟ್ಟಿ ಅಪ್ಪನ ಕುತ್ತಿಗೆಗೆ ಹಾಕಿದಳು. ಕಂಪನಿಯ ಪಟ್ಟಿಯಲ್ಲಿ ಅದು ಹೆಸರಿಲ್ಲದ ಬಿಡಿ ಫೋನಾಗಿಯೇ ಉಳಿಯಿತು. ಮೆಕ್ಯಾನಿಕ್‌ಗಳು ಎಲ್ಲಿದ್ದಾರೆಂದು ತೋರಿಸುವ ನಕ್ಷೆಯಲ್ಲಿ ಇನ್ನೊಂದು ಹಸಿರು ಚುಕ್ಕಿ ಸೇರಿಕೊಂಡಿತು. ಇದು ತಪ್ಪೆಂದು ಅವಳಿಗೆ ಗೊತ್ತಿತ್ತು. ಹೊಸಬರಿಗೆ ನಿಯಮ ಓದಿ ಹೇಳುವವಳೂ ಅವಳೇ ಆಗಿದ್ದಳು. ಆದರೆ ಕೆಲಸದ ನಡುವೆ ಕತ್ತೆತ್ತಿ ನೋಡಿದಾಗ ಆ ಚುಕ್ಕಿ ಮನೆಯ ಆಸುಪಾಸಿನಲ್ಲಿ ಮೆಲ್ಲಗೆ ಸರಿಯುವುದು ಕಂಡರೆ ಅವಳಿಗೆ ಉಸಿರು ಸಲೀಸಾಗುತ್ತಿತ್ತು.

ಹೀಗಿರುವಾಗ ದೊಡ್ಡ ಕಟ್ಟಡಗಳ ಮಾಲೀಕರೊಬ್ಬರು, ನಮ್ಮ ಬಾಗಿಲಿನ ಅಂಕಿಗಳು ನಿಮ್ಮಲ್ಲಿ ಭದ್ರವೇ ಎಂದು ಪರೀಕ್ಷಿಸಲು ಜನ ಕಳಿಸುವುದಾಗಿ ತಿಳಿಸಿದರು. ಮ್ಯಾನೇಜರ್ ಬಾಗಿಲಲ್ಲೇ ನಿಂತು ಹೇಳಿದರು.

"ನಾಳೆ ಬರ್ತಾರಮ್ಮ. ಯಾರ ಹೆಸರಲ್ಲೂ ಇಲ್ಲದ ಫೋನುಗಳನ್ನ ಇವತ್ತೇ ಅಳಿಸಿಬಿಡಿ. ಒಂದೂ ಉಳೀಬಾರದು."

"ಆಗಲಿ ಸಾರ್."

ಹಿಂದಿನ ರಾತ್ರಿ ಸರ್ವರಿಗೆ ಹೊಸ ತಂತ್ರಾಂಶ ಹಾಕುವ ಕೆಲಸ ಅರ್ಧಕ್ಕೇ ಕೈಕೊಟ್ಟು ಅವಳಿಗೆ ನಿದ್ದೆಯಿರಲಿಲ್ಲ. ಕಣ್ಣಿಗೆ ಮರಳು ಹಾಕಿದಂತಿತ್ತು. ಮಧ್ಯಾಹ್ನ ಹೆಸರಿಲ್ಲದ ಫೋನುಗಳನ್ನೆಲ್ಲ ಅಳಿಸಲು ಒಟ್ಟಿಗೆ ಗುರುತು ಮಾಡಿದಳು. ಖಚಿತವೇ ಎಂದು ಯಂತ್ರ ಕೇಳಿತು. ಆ ಪ್ರಶ್ನೆ ಬಂದಾಗ ಕೈ ಕಟ್ಟಿಕೊಂಡು ಒಂದು ಉಸಿರು ಎಳೆಯಿರಿ ಎಂದು ಬೇರೆಯವರಿಗೆ ಕಲಿಸಿದವಳು, ಹೌದೆಂದು ಒತ್ತಿ ಚಹಾ ತರಲು ಎದ್ದಳು.

ಮರಳಿ ಬಂದು ಅಭ್ಯಾಸದಂತೆ ನಕ್ಷೆ ನೋಡಿದರೆ ಮನೆಯ ಸುತ್ತ ಚುಕ್ಕಿ ಇರಲಿಲ್ಲ. ಪಟ್ಟಿಯ ಆ ಸಾಲನ್ನು ಅವಳು ಇಷ್ಟು ದಿನ ಅಪ್ಪನೆಂದೇ ನೋಡುತ್ತಿದ್ದಳು. ಫೋನುಗಳನ್ನು ಅಳಿಸಲು ಕೂತಾಗ ಅದೂ ಒಂದು ಫೋನೆಂದು ಅವಳಿಗೆ ಹೊಳೆದಿರಲಿಲ್ಲ.

ಚಹಾ ಮೇಜಿನ ಮೇಲಿಟ್ಟು ಕರೆ ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಉತ್ತರ. ಸಿಗುವುದು ಹೇಗೆ? ಅಳಿಸಿದ ಫೋನು ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿಕೊಂಡಾಗಲೆಲ್ಲ ಸಿಮ್ಮಿಗೂ ಅಂಕಿ ಒತ್ತಲೇಬೇಕೆಂಬ ನಿಯಮ ಮಾಡಿದ್ದು ಅವಳೇ. ಕೆಳಗಿನ ಮನೆಯ ದರ್ಜಿಯಮ್ಮನಿಗೆ ಕರೆ ಮಾಡಿದಳು.

"ಅಪ್ಪ ಮನೇಲಿದಾರಾ?"

"ಇಲ್ಲಮ್ಮ, ಊಟ ಆದ ಕೂಡಲೇ ಹೊರಟ್ರು. ಕುತ್ತಿಗೇಲಿ ಫೋನ್ ಇತ್ತಲ್ಲ, ನೀನು ನೋಡ್ತಾ ಇರ್ತೀಯ ಅಂತ ನಾನು ತಡೀಲಿಲ್ಲ. ಯಾಕೆ, ಕಾಣ್ತಿಲ್ವಾ?"

"ಕಾಣ್ತಿಲ್ಲ ಅಮ್ಮ. ನಾನೇ ಅಳಿಸಿಬಿಟ್ಟೆ."

ಸ್ಟೋರಿನ ಕೌಂಟರಿಗೆ ಬಂದು ಗ್ರೀಸ್ ಮಾಮನಿಗೆ ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಅವರು ನಗಲಿಲ್ಲ.

"ಹುಡುಗರೆಲ್ಲ ಊರು ತುಂಬ ಇದಾರೆ. ಎಲ್ಲರ ಫೋನಿಗೂ ಒಂದು ಸುದ್ದಿ ಹಾಕು."

"ಹಾಕಿದ್ರೆ ಮ್ಯಾನೇಜರ್ ಸಾಹೇಬರ ಫೋನಿಗೂ ಹೋಗುತ್ತೆ ಮಾಮ. ಪರೀಕ್ಷೆಗೆ ಬರೋರಿಗೂ ಗೊತ್ತಾಗುತ್ತೆ."

"ಹೋಗ್ಲಿ ಬಿಡು. ಕೆಲಸ ಇನ್ನೊಂದು ಸಿಗುತ್ತೆ."

ಅವಳು ಬರೆದಳು: "ಇದು ಕೆಲಸದ ಸೂಚನೆಯಲ್ಲ. ನನ್ನ ತಂದೆ ಹೊರಗೆ ಹೋಗಿದ್ದಾರೆ, ದಾರಿ ನೆನಪಿರುವುದಿಲ್ಲ. ಬೂದು ಕೋಟು, ಕುತ್ತಿಗೆಯಲ್ಲಿ ನಮ್ಮ ಕಂಪನಿಯ ಫೋನು. ಅಂಗಡಿಗಳ ಬೀಗ ಹಿಡಿದು ಎಳೆದು ನೋಡುತ್ತಾರೆ. ಕಂಡರೆ ತಿಳಿಸಿ."

ಬೀಗ ಎಳೆಯುವುದು ಕಾವಲುಗಾರನ ಕೈಯ ಚಾಳಿ. ಮುಚ್ಚಿದ ಬಾಗಿಲೆಂದು ಕಣ್ಣಿಗೆ ಕಂಡರೆ ಸಾಲದು, ಎಳೆದು ನೋಡಬೇಕು. ಗೋದಾಮು ಬಿಟ್ಟ ಮೇಲೂ ಅಪ್ಪ ಕಂಡಕಂಡ ಬೀಗವನ್ನು ಎಳೆಯುತ್ತಿದ್ದ, ಬೈಸಿಕೊಳ್ಳುತ್ತಿದ್ದ.

ಉತ್ತರಗಳು ಬರತೊಡಗಿದವು. "ಅಕ್ಕ, ನಾನು ರೈಲ್ವೆ ಗೇಟಿನ ಹತ್ತಿರ ಇದೀನಿ, ಇಲ್ಲಿಲ್ಲ." "ಆಸ್ಪತ್ರೆ ರಸ್ತೆ ನೋಡಿದೆ, ಇಲ್ಲ ಅಕ್ಕ." ಆಮೇಲೆ ಇನ್ನೊಂದು: "ಬಟ್ಟೆ ಸಗಟು ಮಳಿಗೆಗಳ ಹತ್ತಿರ ಒಬ್ಬ ಅಂಗಡಿಯವನು ಕೂಗಾಡ್ತಿದಾನೆ. ಯಾರೋ ಮುದುಕ ಬಂದು ಅವನ ಹಿಂಬಾಗಿಲ ಬೀಗ ಎಳೆದನಂತೆ. ಆಗಲೇ ಎರಡು ಸಲ ಆಯಿತಂತೆ."

ಗ್ರೀಸ್ ಮಾಮ ಕುಂಟುತ್ತಲೇ ತಮ್ಮ ಸ್ಕೂಟರ್ ತೆಗೆದರು, ಅವಳು ಹಿಂದೆ ಕೂತಳು. ಮಳಿಗೆಗಳ ಆ ಸಾಲು ನಾಲ್ಕೂ ಕಡೆ ರಸ್ತೆಯಿದ್ದ ಒಂದು ದೊಡ್ಡ ಚೌಕ. ಸುದ್ದಿ ಕಳಿಸಿದ್ದ ಮೆಕ್ಯಾನಿಕ್ ಬೆವರು ಸುರಿಸುತ್ತ ಓಡಿಬಂದ.

"ಈ ಕಡೆ ಹೋದ್ರು ಅಂತಾರೆ ಅಕ್ಕ, ಹೋಗಿ ನೋಡಿದ್ರೆ ಇಲ್ಲ. ಮಾಮ, ನೀವು ಆ ರಸ್ತೆ ಹಿಡೀರಿ, ನಾನು ಈ ಕಡೆ ಓಡ್ತೀನಿ."

ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಎರಡು ಸಲ ಅಂದ್ಯಲ್ಲ? ಒಂದೇ ಬಾಗಿಲಿಗೆ?"

"ಹೂಂ ಅಕ್ಕ."

"ಹಾಗಾದ್ರೆ ಯಾರೂ ಓಡಬೇಡಿ. ಅಪ್ಪ ಡ್ಯೂಟಿ ಮೇಲಿದಾರೆ."

ಚಿಕ್ಕವಳಿದ್ದಾಗ ಅವಳು ಅಪ್ಪನಿಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಮೊದಲೆಲ್ಲ ಗೋದಾಮಿನ ಸುತ್ತ ಅವನನ್ನು ಹುಡುಕಿಕೊಂಡು ಓಡುತ್ತಿದ್ದಳು. ಅವಳು ಓಡಿದಷ್ಟೂ ಅವನು ಮುಂದಿನ ಮೂಲೆ ತಿರುಗಿರುತ್ತಿದ್ದ. ಅಮ್ಮ ಬೈದು ಹೇಳಿದ್ದಳು, ಗೋಡೆಯನ್ನು ಬಲಕ್ಕಿಟ್ಟುಕೊಂಡು ಸುತ್ತುವವನ ಬೆನ್ನು ಹತ್ತಬಾರದು, ಬಾಗಿಲ ಹತ್ತಿರ ಕೂತರೆ ತಾನಾಗಿ ಬರ್ತಾನೆ.

ಮಳಿಗೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಅವಳು ಕುಳಿತಳು. ಕುಳಿತ ಮೇಲೆ ಇನ್ನು ಏಳಲಾರೆನೇನೋ ಅನ್ನಿಸಿತು. ಬಿಸಿಲು ಎದುರು ಗೋಡೆಯ ಮೇಲಂಚಿಗೆ ಹತ್ತಿತ್ತು. ಅಷ್ಟರಲ್ಲಿ ಮ್ಯಾನೇಜರರ ಕರೆ ಬಂತು.

"ಏನಮ್ಮ ಇದು? ನಿಮ್ಮ ತಂದೇಗೆ ಕಂಪನಿ ಫೋನು ಕೊಟ್ಟಿದ್ರಾ?"

"ಹೌದು ಸಾರ್. ನಾನೇ ಮಾಡಿದ್ದು, ಯಾರಿಗೂ ಹೇಳಿರಲಿಲ್ಲ."

"ನಾಳೆ ಪರೀಕ್ಷೆಗೆ ಬರೋರು ಕೇಳಿದ್ರೆ ನಾನೇನು ಹೇಳ್ಲಿ?"

"ಇದನ್ನೇ ಹೇಳಿ ಸಾರ್. ನಾನೂ ಇದನ್ನೇ ಹೇಳ್ತೀನಿ."

ಅವರು ದನಿ ತಗ್ಗಿಸಿ ಕೇಳಿದರು. "ಸಿಕ್ಕಿದ್ರಾ?"

"ಇನ್ನೂ ಇಲ್ಲ."

"ನಿಮ್ಮ ಕೈಲಿರೋ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತಮ್ಮ. ಎಷ್ಟು ದಿನಕ್ಕೋ ನಂಗೂ ಗೊತ್ತಿಲ್ಲ. ಮೊದಲು ತಂದೆ ಸಿಗಲಿ."

ಫೋನು ಇಟ್ಟಳು. ಮೆಕ್ಯಾನಿಕ್ ಉಗುರು ಕಚ್ಚುತ್ತ ನಿಂತಿದ್ದ. ಗ್ರೀಸ್ ಮಾಮ ಸ್ಕೂಟರಿಗೆ ಒರಗಿ ಮಂಡಿ ಒತ್ತಿಕೊಳ್ಳುತ್ತಿದ್ದರು. ಯಾರೂ ಬರಲಿಲ್ಲ. ತನ್ನ ಲೆಕ್ಕ ತಪ್ಪಿತೇ, ಇಷ್ಟು ಹೊತ್ತಿಗೆ ಅವನು ಚೌಕ ದಾಟಿ ದೊಡ್ಡ ರಸ್ತೆಗೆ ಬಿದ್ದನೇ ಎಂದು ಅವಳು ಹೆದರಿದಳು. ಓಡಲು ಎದ್ದೇಬಿಟ್ಟಳು.

ಆಗ ಮೂಲೆಯಾಚೆ ಕಬ್ಬಿಣ ಕುಲುಕಿದ ಸದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಂದು ಬೀಗ. ಗೋಡೆಗೆ ಅಂಗೈ ಸವರುತ್ತ ಬೂದು ಕೋಟು ಮೂಲೆ ತಿರುಗಿತು. ಒಂದೊಂದು ಬಾಗಿಲಿನಲ್ಲೂ ನಿಂತು, ಎಳೆದು ನೋಡಿ, ತಲೆಯಾಡಿಸಿ, ಅವಳ ತನಕ ಬಂದ. ಅವಳ ಪಕ್ಕದ ಬೀಗವನ್ನೂ ಎಳೆದ.

"ಡಬ್ಬಿ ತಂದ್ಯಾ?"

"ಇವತ್ತು ತರಲಿಲ್ಲ ಅಪ್ಪ."

"ಹೋಗ್ಲಿ. ಇದು ಆಗಿನಿಂದ ಏನೋ ಕೇಳ್ತಾ ಇದೆ ನೋಡು."

ಕುತ್ತಿಗೆಯ ಫೋನನ್ನು ಮುಂದೆ ಹಿಡಿದ. ಹೊಸ ಫೋನಿನಂತೆ ಅದು ಸ್ವಾಗತ ಹೇಳಿ, ನಿಮ್ಮ ಭಾಷೆ ಯಾವುದು ಎಂದು ಕೇಳುತ್ತ ಕಾಯುತ್ತಿತ್ತು. ಅವಳು ದಾರವನ್ನು ಅವನ ತಲೆಯ ಮೇಲಿಂದ ತೆಗೆದು, ಫೋನು ಆರಿಸಿ, ನಾಳೆ ಹಿಂದಿರುಗಿಸಲೆಂದು ಚೀಲಕ್ಕೆ ಹಾಕಿಕೊಂಡಳು.

"ಮನೆಗೆ ಹೋಗೋಣ ಬನ್ನಿ."

"ಸುತ್ತು ಮುಗಿದಿಲ್ಲ. ಬದಲಿ ಮನುಷ್ಯ ಬರೋ ತನಕ ಬಿಟ್ಟು ಹೋಗೋ ಹಾಗಿಲ್ಲ."

ಅವಳು ಗ್ರೀಸ್ ಮಾಮನ ಮುಖ ನೋಡಿದಳು. ಅವರು ಕೆಮ್ಮಿ, ಅಂಗಿಯ ಕಾಲರ್ ನೆಟ್ಟಗೆ ಮಾಡಿಕೊಂಡು ಮುಂದೆ ಬಂದರು.

"ನಾನು ಬಂದೆ ಯಜಮಾನ್ರೇ. ಇನ್ನು ನೀವು ಹೊರಡಿ."

ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ಉಗುರಿನ ಕಪ್ಪು ನೋಡಿದ.

"ತಡವಾಗಿ ಬಂದಿದೀಯ."

"ತಪ್ಪಾಯ್ತು."

"ಆ ಮೂಲೆಯ ಬೀಗ ಸಡಿಲ ಇದೆ. ಎಳೆದು ನೋಡು, ಬರೀ ನೋಡ್ಬೇಡ."

ಹಾಗೆಂದು ಮಗಳ ಕೈ ಹಿಡಿದ. ಒಂದು ಸಲ ಮೆಲ್ಲಗೆ ಎಳೆದು ನೋಡಿ, ಭದ್ರವಾಗಿದೆ ಅನ್ನಿಸಿತೋ ಏನೋ, ಅವಳ ಜೊತೆ ಮನೆಯ ಕಡೆ ನಡೆದ.