ಹನ್ನೊಂದು ಅಡಿ ಗಾಡಿಯಲ್ಲಿ ಹೊಲಿಗೆ ಮಷೀನಿಗೆ ಜಾಗ

ಧಾರವಾಡ ಬಿಟ್ಟಾಗ ಬೆಳಿಗ್ಗೆ ಆರೂವರೆ. ಕಾಲಿನಿಂದ ತುಳಿಯುವ ನನ್ನ ಹೊಲಿಗೆ ಮಷೀನಿಗೆ ಕೌದಿ ಸುತ್ತಿ, ಗಾಡಿಯ ಹಿಂಬಾಗಿಲ ಬಳಿ ಅಡ್ಡ ಮಲಗಿಸಿ ಹಗ್ಗದಿಂದ ಬಿಗಿದಿದ್ದೆವು. ಅತ್ತೆ ಹೊಸ್ತಿಲ ಬಳಿ ನಿಂತು, "ಹದಿನೈದು ದಿನಕ್ಕ ಹೊಳ್ಳಿ ಬರ್ತಿ ಬಿಡು. ಅಡಗಿಮನಿ ಕೀಲಿ ನಿನ್ನ ಕಡೇನ ಇರ್ಲಿ" ಎಂದರು. ನಾನು ಕೀಲಿಯನ್ನು ಅವರ ಕೈಗೇ ಕೊಟ್ಟೆ. ಅಷ್ಟು ಧೈರ್ಯ ನನಗಿತ್ತು, ಈಗಲೂ ಇದೆ.

ನಮ್ಮವರದು ಕನ್ನಡಕದ ಕಸುಬು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದಿದ್ದ ಮಿಲಿಟರಿ ಆಂಬುಲೆನ್ಸ್ ಗಾಡಿಯೊಂದನ್ನು ಕೊಂಡು, ಅದರಲ್ಲೇ ಕೆಲಸ, ಅದರಲ್ಲೇ ಊಟ, ಅದರಲ್ಲೇ ನಿದ್ದೆ ಎಂದು ವರ್ಷದ ಹತ್ತು ತಿಂಗಳು ಊರೂರು ತಿರುಗುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನಾನು ಅವರ ಮುಖ ಕಂಡದ್ದು ಎಲ್ಲ ಸೇರಿ ಎಂಟು ತಿಂಗಳು, ಉಳಿದದ್ದೆಲ್ಲ ಪೋಸ್ಟ್ ಕಾರ್ಡು. ನನಗೆ ಸಾಕಾಗಿ ಹೋಗಿತ್ತು, ಮುಚ್ಚಿಟ್ಟು ಏನು ಮಾಡಲಿ? ನಾನೂ ಬರುತ್ತೇನೆ, ಗಾಡಿಯಲ್ಲೇ ಇರುತ್ತೇನೆ, ಹೊಲಿಗೆಯನ್ನೂ ಅಲ್ಲೇ ನಡೆಸುತ್ತೇನೆ ಎಂದೆ.

"ಹನ್ನೊಂದು ಅಡಿ ಉದ್ದ, ಆರು ಅಡಿ ಅಗಲ. ಆ ಕಬ್ಬಣದ ಬಂಡಿ ಎಲ್ಲಿ ಇಡ್ತಿ, ನನ್ನ ತಲಿ ಮ್ಯಾಲೇನು?" ಎಂದು ಅವರು ರೇಗಿದರು. ಕೊನೆಗೆ ಒಂದು ಮಾತಿಗೆ ಬಂದೆವು. ಗೋಕಾಕ, ಮೂಡಲಗಿ, ಹುಕ್ಕೇರಿ, ಇಷ್ಟು ಒಂದು ಸುತ್ತು. ಇಬ್ಬರ ಕೆಲಸವೂ ಅದೇ ಗಾಡಿಯಲ್ಲಿ ನಡೆದರೆ ನಾನು ಅವರ ಜೊತೆಗೆ. ನಡೆಯದಿದ್ದರೆ, ಹತ್ತರಗಿಯಲ್ಲಿ ಪುಣೆ-ಬೆಂಗಳೂರು ರಸ್ತೆ ಸೇರಿದ ಕೂಡಲೇ ನನ್ನನ್ನೂ ಮಷೀನನ್ನೂ ಬೆಳಗಾವಿ ಬಸ್ಸಿಗೆ ಹತ್ತಿಸುವುದು. ಅಲ್ಲಿಂದ ಧಾರವಾಡ, ಮತ್ತೆ ಪೋಸ್ಟ್ ಕಾರ್ಡು.

ಸವದತ್ತಿ, ಯರಗಟ್ಟಿ ದಾಟಿ ಗೋಕಾಕ ಮುಟ್ಟಲು ಸುಮಾರು ಐವತ್ತೈದು ಮೈಲಿ. ಹೋಳಿ ಹುಣ್ಣಿವೆ ಆಗಷ್ಟೇ ಮುಗಿದಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ದಾರಿಯಲ್ಲಿ ಎರಡು ಸಲ ಎಂಜಿನ್ ಕುದಿಯಿತು, ಎರಡು ಸಲವೂ ಕುಡಿಯುವ ನೀರನ್ನೇ ಅದಕ್ಕೆ ಹೊಯ್ದೆವು. ಮಧ್ಯಾಹ್ನ ಒಂದು ಬೇವಿನ ಗಿಡದ ಕೆಳಗೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ತಿಂದೆವು. ಸಂಜೆ ನಾಲ್ಕರ ಹೊತ್ತಿಗೆ ಗೋಕಾಕದ ಹೊಳೆಯ ದಂಡೆಗೆ ಗಾಡಿ ನಿಲ್ಲಿಸಿದಾಗ ನನ್ನ ತಲೆಯ ಮೇಲೆ ಒಂದು ಸೇರು ಧೂಳಿತ್ತು.

ಮರುದಿನ ಒಳಗಿನ ಸಾಮಾನನ್ನೆಲ್ಲ ಕಣ್ಣಿಟ್ಟು ನೋಡಿದೆ. ಎಡಕ್ಕೆ ಮಲಗುವ ಹಲಗೆ, ಅದರ ಕೆಳಗೆ ಟ್ರಂಕು, ಸ್ಟೋವು, ನೀರಿನ ಕೊಡ. ಬಲಕ್ಕೆ ಕನ್ನಡಕದ ಗಾಜುಗಳ ಕಪಾಟು, ಅದಕ್ಕೆ ಹತ್ತಿ ಒಂದು ಉದ್ದನೆಯ ಹಲಗೆ. ಹಲಗೆಯ ತುದಿಗೆ ಗಾಜಿನ ಅಂಚನ್ನು ತಿಕ್ಕುವ ಸಾಣೆಕಲ್ಲು. ನಡುವಿನ ಎರಡಡಿ ದಾರಿ ಮಾತ್ರ ಖಾಲಿ ಇರಲೇಬೇಕು. ಅದರ ಒಂದು ತುದಿಗೆ ತಿರುವುಮುರುವಾಗಿ ಬರೆದ ಅಕ್ಷರದ ಹಲಗೆ, ಇನ್ನೊಂದು ತುದಿಗೆ ಕನ್ನಡಿ. ಕಣ್ಣಿನ ಪರೀಕ್ಷೆಗೆ ಇಪ್ಪತ್ತು ಅಡಿ ದೂರ ಬೇಕು, ಗಾಡಿಯಲ್ಲಿ ಅಷ್ಟು ಇಲ್ಲ. ಅದಕ್ಕೇ ಗಿರಾಕಿ ಅಕ್ಷರದ ಹಲಗೆಯ ಕೆಳಗೆ ಕೂತು, ಅಕ್ಷರಗಳನ್ನು ಕನ್ನಡಿಯಲ್ಲಿ ನೋಡಿ ಓದಬೇಕಿತ್ತು, ಕನ್ನಡಿಯಲ್ಲಿ ದೂರ ಇಮ್ಮಡಿಯಾಗುತ್ತದೆ. ಇಷ್ಟರ ನಡುವೆ ನನ್ನ ಮಷೀನು! ಮಲಗುವ ಹಲಗೆಯ ಮೇಲೆ ಇಟ್ಟು ನೋಡಿದೆ, ಕಾಲು ಪೆಡಲಿಗೆ ಎಟುಕಲಿಲ್ಲ. ನಡುದಾರಿಯಲ್ಲಿ ಇಟ್ಟೆ, ಕನ್ನಡಿಯಲ್ಲಿ ಅಕ್ಷರದ ಬದಲು ನನ್ನ ಬೆನ್ನು ಕಂಡಿತು. ಇವರು ಬೀಡಿ ಹಚ್ಚಿಕೊಂಡು ಹೊರಗೆ ಕೂತು ನಗುತ್ತಿದ್ದರು.

"ನಗ್ರಿ, ನಗ್ರಿ" ಎಂದು ಪೇಟೆಗೆ ಹೋದೆ. ಗೋಕಾಕದಲ್ಲಿ ಮರದ ಗೊಂಬೆ, ಮರದ ಹಣ್ಣು ಮಾಡುವವರು ಇದ್ದಾರಲ್ಲ, ಅವರಲ್ಲಿ ಮಾನಪ್ಪ ಎಂಬ ಮುದುಕನನ್ನು ಕರೆತಂದೆ. ಅಂಗೈ ಅಗಲದ ಮರದಲ್ಲಿ ಎತ್ತು, ಬಂಡಿ, ಬಂಡಿ ಹೊಡೆಯುವವ ಎಲ್ಲವನ್ನೂ ಕೂರಿಸುವವನಿಗೆ ಹನ್ನೊಂದು ಅಡಿ ಏನು ಮಹಾ ಎಂಬುದು ನನ್ನ ಎಣಿಕೆ. ಮಾನಪ್ಪ ಗಾಡಿಯೊಳಗೆ ಕೂತು ಸುತ್ತ ನೋಡಿದ. ಆಮೇಲೆ ಗೋಡೆಯಲ್ಲಿದ್ದ ನಾಲ್ಕು ಕಬ್ಬಿಣದ ಕೊಂಡಿಗಳನ್ನು ತೋರಿಸಿದ.

"ಸಾಹೇಬ್ರ, ಇವು ಯಾಕದಾವ ಗೊತ್ತೇನ್ರಿ?"

"ಅಂಗಿ ತೂಗಹಾಕಾಕ" ಎಂದರು ಇವರು.

"ಏ, ಅಲ್ರಿ! ಗಾಯಾದ ಸಿಪಾಯಿಗೋಳ ಮಂಚ ತೂಗಹಾಕೂ ಕೊಂಡಿ ಇವು. ಅಷ್ಟು ವರ್ಷ ಇದರ ಬುಡಕ್ಕ ಮಲಗೀರಿ, ಒಮ್ಮೆರ ಮ್ಯಾಲ ನೋಡಿಲ್ಲಲ್ರಿ!"

ಆ ದಿನ ಸಂಜೆಯೊಳಗೆ ಮಾನಪ್ಪ ಮಲಗುವ ಹಲಗೆಯನ್ನು ಮಷೀನಿಗಿಂತ ಎತ್ತರಕ್ಕೆ ಏರಿಸಿ, ಅದರ ಒಂದು ಅಂಚಿಗೆ ಕೀಲು ಬಡಿದು, ಇನ್ನೊಂದು ಅಂಚಿಗೆ ಸರಪಳಿ ಹಾಕಿದ. ಹಗಲಿಗೆ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿ ಕೊಂಡಿಗೆ ಸಿಕ್ಕಿಸಿದರೆ ಆಯಿತು, ರಾತ್ರಿ ಇಳಿಸಿದರೆ ಮಂಚ. ಟ್ರಂಕು ಡ್ರೈವರ್ ಸೀಟಿನ ಹಿಂದಕ್ಕೆ ಹೋಯಿತು, ಸ್ಟೋವು ಬಾಗಿಲ ಪಕ್ಕಕ್ಕೆ ಬಂತು. ತೆರವಾದ ಜಾಗದಲ್ಲಿ ನನ್ನ ಮಷೀನು ಗೋಡೆಗೆ ಮುಖ ಮಾಡಿ ಕೂತಿತು, ಎರಡು ಬೆರಳಿನಷ್ಟು ಜಾಗ ಉಳಿಯಿತು ಕೂಡ. ಕೂಲಿಯ ಜೊತೆಗೆ ಮಾನಪ್ಪನಿಗೆ ಒಂದು ಅಂಗಿ ಹೊಲಿದು ಕೊಟ್ಟೆ. ಇವರಿಗೆ ಮಾತ್ರ ಒಂದು ಕಷ್ಟ ಬಂತು. ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಮಲಗುವ ರೂಢಿ ಅವರದು, ಈಗ ಮಂಚ ಗೋಡೆಯ ಮೇಲೆ. ಡ್ರೈವರ್ ಸೀಟಿನಲ್ಲಿ ಮಲಗಿ ಕಾಲನ್ನು ಕಿಟಕಿಯ ಹೊರಗೆ ಚಾಚಿದರು. ದಾರಿಹೋಕರು ನಿಂತು ನೋಡಿ ಹೋಗುತ್ತಿದ್ದರು.

ಗೋಕಾಕದಲ್ಲಿ ಐದು ದಿನ ಇದ್ದು, ಕರದಂಟು ಕಟ್ಟಿಸಿಕೊಂಡು ಮೂಡಲಗಿಗೆ ಹೊರಟೆವು. ಹದಿನಾರು ಮೈಲಿ ಇರಬಹುದು. ಎರಡೂ ಬದಿಗೆ ಕಬ್ಬು, ಜೋಳದ ಹೊಲ. ಮೂಡಲಗಿಯಲ್ಲಿ ಸಂತೆಯ ಬಯಲಿನ ಅಂಚಿಗೆ ಗಾಡಿ ನಿಲ್ಲಿಸಿದೆವು. ಗಂಡಸರು ಸಾಲಾಗಿ ಬಂದು ಕನ್ನಡಿಯೊಳಗಿನ ಅಕ್ಷರ ಓದಿದರು. ಹೆಂಗಸರು ದೂರ ನಿಂತು ನನ್ನ ಮಷೀನನ್ನು ನೋಡುತ್ತಿದ್ದರು. ಕಣ್ಣು ತೋರಿಸಿಕೊಳ್ಳಲು ಒಬ್ಬಳೂ ಮುಂದೆ ಬರಲಿಲ್ಲ. "ಹೆಂಗಸರು ಯಾವಾಗ್ಲೂ ಹಿಂಗ. ನಾ ಕರದರೂ ಬರಂಗಿಲ್ಲ" ಎಂದರು ಇವರು.

ಎರಡನೆಯ ದಿನ ಪದ್ಮಕ್ಕ ಬಂದರು. ಜೈನರ ಮನೆಯ ಹಿರಿಯ ಹೆಂಗಸು, ಅರವತ್ತರ ಮೇಲಿನ ವಯಸ್ಸು, ಬಾಯಿ ತುಂಬ ಮಾತು. ಕೈಯಲ್ಲಿ ಹಸಿರು ಖಣ. ಬಸುರಿ ಮೊಮ್ಮಗಳಿಗೆ ಏಳು ತಿಂಗಳು, ಮರುದಿನವೇ ಕುಬಸದ ಕಾರ್ಯ. ಬಸುರಿಗೆ ತವರಿನವರು ಹಸಿರು ಕುಪ್ಪಸ ತೊಡಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಕುಪ್ಪಸವೇ ಮುಖ್ಯ, ಉಳಿದದ್ದೆಲ್ಲ ಆಮೇಲೆ. ಊರಿನ ದರ್ಜಿ ಮದುವೆಗೆಂದು ಪರ ಊರಿಗೆ ಹೋಗಿದ್ದನಂತೆ. "ದೇವರ ಮುಂದಿಟ್ಟ ಖಣ ಐತಿ ತಂಗಿ. ಬ್ಯಾರೇದು ನಡ್ಯಾಂಗಿಲ್ಲ. ಹೊತ್ತು ಮುಳುಗೂದ್ರಾಗ ನಾ ಉಣಬೇಕು, ಅದರಕಿಂತ ಮೊದಲ ಬರ್ತೇನಿ" ಎಂದು ಅಳತೆಯ ಹಳೆಯ ಕುಪ್ಪಸ ಇಟ್ಟು ಹೋದರು.

ಈಗ ನನ್ನ ತಪ್ಪು ಹೇಳುತ್ತೇನೆ. ಖಣವನ್ನು ಹರಡಿ ಗುರುತು ಹಾಕಲು ಮಷೀನಿನ ಮೇಲೆ ಜಾಗ ಸಾಲದು. ಇವರು ಪೇಟೆಗೆ ಹೋಗಿದ್ದರು. ಅವರ ಉದ್ದನೆಯ ಹಲಗೆ ಖಾಲಿ ಇತ್ತು, ಒದ್ದೆ ಬಟ್ಟೆಯಿಂದ ಒರೆಸಿಯೂ ಇತ್ತು. "ನನ್ನ ಹಲಗಿ ಮುಟ್ಟಬ್ಯಾಡ" ಎಂದು ಗೋಕಾಕದಲ್ಲೇ ಹೇಳಿದ್ದರು. ನನಗೆ ಅದು ಗಂಡಸರ ಜಂಬ ಎನಿಸಿತ್ತು. ಖಣ ಹಾಸಿ, ಅಂಗೈಯಿಂದ ಒತ್ತಿ ಎಳೆದೆ. ಚರ್ ಎಂದಿತು. ಸಾಣೆಯ ಪುಡಿ ಹಲಗೆಯ ಸೀಳುಗಳಲ್ಲಿ ಕೂತಿತ್ತು. ಅಂಚಿಗೆ ಹತ್ತಿ ಒಂದು ಬೆರಳುದ್ದ ರೇಷ್ಮೆ ಎಳೆಗಳು ಹರಿದು ನಿಂತಿದ್ದವು.

ಎಳೆಗಳನ್ನು ಉಗುರಿನಿಂದ ಒಟ್ಟಿಗೆ ಸರಿಸಿ ನೋಡಿದೆ, ಕೂಡಲಿಲ್ಲ. ಖಣ ಎಂದರೆ ಒಂದು ಕುಪ್ಪಸಕ್ಕೆ ಸರಿಯಾಗುವಷ್ಟೇ ಬಟ್ಟೆ, ಮೇಲೆ ಒಂದು ಗೇಣೂ ಇರುವುದಿಲ್ಲ. ಇವರು ಬಂದು ನೋಡಿ ಬಯ್ಯಲಿಲ್ಲ. "ಅದಕ್ಕ ಹೇಳಿದ್ನಿ. ಒಂದು ಗಾಡ್ಯಾಗ ಕಲ್ಲೂ ರೇಷ್ಮಿನೂ ಕೂಡಂಗಿಲ್ಲ" ಎಂದು ಮೆತ್ತಗೆ ಅಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಹತ್ತರಗಿಯ ಬಸ್ಸು ಆಗಲೇ ಬಂದು ಬಾಗಿಲಲ್ಲಿ ನಿಂತ ಹಾಗೆ ನನಗೆ ಅಳು ಬಂತು.

ಹೊಲಿದು ಮುಚ್ಚಿಬಿಡಬಹುದಿತ್ತು. ಆದರೆ ದೇವರ ಮುಂದಿಟ್ಟ ಖಣ, ಬಸುರಿಯ ಮೈಮೇಲೆ ಹೋಗುವುದು. ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. ನಾನೇ ಪದ್ಮಕ್ಕನ ಮನೆಗೆ ಹೋಗಿ ಅವರನ್ನು ಕರೆತಂದೆ, ಖಣ ಕೈಯಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಪದ್ಮಕ್ಕ ಖಣವನ್ನು ತೋಳುದ್ದ ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು.

"ಎಲ್ಲಿ ಹರದೇತಿ? ಸುಳ್ಳ ಅಂಜತಿಯಲ್ಲ ಹುಡುಗಿ! ಖಣ ನೆಟ್ಟಗೈತಿ."

"ಇಲ್ಲೇ ನೋಡ್ರಿ, ಅಂಚಿಗೆ."

"ನನಗೇನ ಕಣ್ಣಿಲ್ಲೇನ? ಏನೂ ಆಗಿಲ್ಲ ಅಂದ್ನೆಲ್ಲ."

ನಾನು ನನ್ನ ಸೂಜಿ, ದಾರ ಅವರ ಕೈಗೆ ಕೊಟ್ಟೆ. "ಅಕ್ಕಾರ, ಇಷ್ಟು ಪೋಣಿಸಿ ಕೊಡ್ರಿ." ಒಂದು ಸಲ, ಎರಡು ಸಲ, ಆರು ಸಲ ದಾರ ಸೂಜಿಯ ಪಕ್ಕಕ್ಕೇ ಹೋಯಿತು. ಪದ್ಮಕ್ಕನ ಮುಖ ಸಣ್ಣಗಾಯಿತು. "ಸೂಜಿ ಪೋಣಿಸದ ಎಷ್ಟೋ ವರ್ಷಾತು. ಸೊಸ್ಯಾರು ಪೋಣಿಸಿ ಕೊಡ್ತಾರ" ಎಂದರು. ಕನ್ನಡಕ ಹಾಕಿ ನೋಡಿರಿ ಎಂದರೆ, "ಥೂ! ಪರ ಗಂಡಸು ಮುಖದ ಮುಂದ ಮುಖ ತಂದು ಕಣ್ಣ ನೋಡಾಕ ನಾ ಬಿಡಂಗಿಲ್ಲ. ಸುಮ್ಮ ಹೊಲಿ" ಎಂದು ಎದ್ದೇಬಿಟ್ಟರು.

ಆಗ ನನಗೆ ಹೊಳೆಯಿತು. ಹಿಂಬಾಗಿಲಿಗೆ ಸೀರೆಯ ಪರದೆ ಕಟ್ಟಿ, ಪದ್ಮಕ್ಕನನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ಗಾಜು ಬದಲಿಸಿ ನೋಡುವ ಖಾಲಿ ಚೌಕಟ್ಟನ್ನು ನಾನೇ ಅವರ ಮೂಗಿನ ಮೇಲೆ ಇಟ್ಟೆ. ಇವರನ್ನು ಗಾಡಿಯ ಹೊರಗೆ ಕಿಟಕಿಯ ಬಳಿ ನಿಲ್ಲಿಸಿದೆ, ಗೋಡೆಗೆ ಬೆನ್ನು ಮಾಡಿ. "ಎರಡ ನಂಬರದ ಗಾಜು ಹಾಕು" ಎಂದು ಅವರು ಹೊರಗಿನಿಂದ ಕೂಗಿದರು. ಹಾಕಿದೆ. ಸೂಜಿಯ ಕಣ್ಣು ಇನ್ನೂ ಮಸುಕು. "ಎರಡೂವರಿ." ಸ್ವಲ್ಪ ವಾಸಿ. "ಮೂರು ಹಾಕು." ದಾರ ಒಂದೇ ಏಟಿಗೆ ಸೂಜಿಯೊಳಗೆ ಹೋಯಿತು. ಪದ್ಮಕ್ಕ ದಾರ ನೋಡಿದರು, ಸೂಜಿ ನೋಡಿದರು, ಆಮೇಲೆ ತೊಡೆಯ ಮೇಲಿನ ಖಣದ ಕಡೆ ಕಣ್ಣು ಹೋಯಿತು.

"ಅಯ್ಯಯ್ಯ! ಹರದೇತಲ್ಲವಾ! ನನ್ನ ಖಣ ಹರದ ಕುಂತಾಳಲ್ಲೋ ಈ ಹುಡುಗಿ!"

ಕಿಟಕಿಯ ಹೊರಗೆ ಇವರು ನಕ್ಕುಬಿಟ್ಟರು. ನಾನೂ ತಡೆಯಲಾರದೆ ನಕ್ಕೆ, ಕಣ್ಣಲ್ಲಿ ನೀರು ಇತ್ತು. ಪದ್ಮಕ್ಕ ಹತ್ತು ನಿಮಿಷ ಬೈದರು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ಹರಿದದ್ದು ಕಂಕುಳ ಹೊಲಿಗೆಯೊಳಗೆ ಮಡಚಿ ಹೋಗುವ ಹಾಗೆ ಕತ್ತರಿಸುತ್ತೇನೆ, ಹೊರಗೆ ಒಂದು ಎಳೆಯೂ ಕಾಣುವುದಿಲ್ಲ ಎಂದು ಗುರುತು ಹಾಕಿ ತೋರಿಸಿದೆ. "ಹೊಲಿ. ಆದ್ರ ಈಗ ನನಗ ಕಾಣಸಾಕತ್ತೇತಿ ಅನ್ನೂದು ನೆನಪಿಟಗೊ" ಎಂದು ಆ ಚೌಕಟ್ಟನ್ನು ತೆಗೆಯದೆ ನನ್ನ ಬಾಜೂಕೇ ಕೂತರು. ನನ್ನ ಜನ್ಮದಲ್ಲಿ ಯಾರೂ ನನ್ನ ಹೊಲಿಗೆಯನ್ನು ಅಷ್ಟು ಹತ್ತಿರದಿಂದ ಕಾದಿರಲಿಲ್ಲ. ಹೊತ್ತು ಮುಳುಗಲು ಒಂದು ತಾಸು ಇರುವಾಗ ಮುಗಿಯಿತು. ಒಳಗೆ ಹೊರಗೆ ತಿರುವಿ ನೋಡಿ, "ಖರೆ, ಚಲೋ ಹೊಲದಿ" ಎಂದು ಕುಪ್ಪಸವನ್ನು ಕಣ್ಣಿಗೊತ್ತಿಕೊಂಡು ಊಟಕ್ಕೆ ಓಡಿದರು. ಮರುದಿನ ಕುಬಸ ಮುಗಿಸಿ, ಬಂಧುಬಳಗದ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಬಂದರು.

ಮೂಡಲಗಿಯಿಂದ ಹುಕ್ಕೇರಿಗೆ ಹೋಗುವಾಗ ಘಟಪ್ರಭೆಯ ಬಳಿ ಚಹಾ ಕುಡಿದೆವು. ಹೊಸ ಪೈಸೆ ಆಗಷ್ಟೇ ಬಂದಿತ್ತು, ಚಹಾದಂಗಡಿಯವನಿಗೂ ಇವರಿಗೂ ಆಣೆಗೆ ಎಷ್ಟು ಪೈಸೆ ಎಂದು ಮಾತಿಗೆ ಮಾತು ಬೆಳೆದು ಚಹಾ ಆರಿ ಹೋಯಿತು. ಹುಕ್ಕೇರಿಯಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಯಿತು. ಇವರು ಅಕ್ಷರಗಳನ್ನು ನೇರವಾಗಿ ಬರೆದ ಇನ್ನೊಂದು ಹಲಗೆಯನ್ನು ಹುಣಸೆ ಗಿಡಕ್ಕೆ ತೂಗುಹಾಕಿ, ಇಪ್ಪತ್ತು ಅಡಿ ಅಳೆದು, ಗಂಡಸರನ್ನು ಬಯಲಲ್ಲೇ ಕೂರಿಸಿದರು. ಒಳಗೆ ಪರದೆಯ ಹಿಂದೆ ನಾನು, ನನ್ನ ಮಷೀನು, ಹೆಂಗಸರು. ಕುಪ್ಪಸದ ಅಳತೆ ಕೊಡಲು ಬಂದವರಿಗೆ ಸೂಜಿ ಕೊಡುತ್ತಿದ್ದೆ. ದಾರ ತಪ್ಪಿದರೆ ಚೌಕಟ್ಟು ಮೂಗಿಗೆ. ನಡುದಾರಿಗೆ ಕನ್ನಡಿ ಬೇಕಾಗಿರಲಿಲ್ಲ, ಅದನ್ನು ಹೊಸ ಕುಪ್ಪಸ ತೊಟ್ಟವರು ನೋಡಿಕೊಳ್ಳಲೆಂದು ಬಾಗಿಲ ಪಕ್ಕ ಇಟ್ಟೆ.

ನಾಲ್ಕು ದಿನ ಹೀಗೆ ನಡೆದರೂ ಇವರು ಒಪ್ಪಂದದ ಬಗ್ಗೆ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ, ಹಟ ನನಗೂ ಇತ್ತು. ಹೊರಡುವ ದಿನ ಹೊಳೆಗೆ ಬಟ್ಟೆ ಒಗೆಯಲು ಹೋಗಿ ಬಂದು ನೋಡಿದರೆ ಗಾಡಿಯೊಳಗೆ ಅರ್ಧ ಖಾಲಿ. ಸಾಣೆಕಲ್ಲು ಇಲ್ಲ, ಉದ್ದನೆಯ ಹಲಗೆಯೂ ಇಲ್ಲ. ಬಟ್ಟೆ ಅಲ್ಲೇ ಇಟ್ಟು ಇವರನ್ನು ಹುಡುಕಿದೆ. ಇವರು ಗಾಡಿಯ ತಳದಲ್ಲಿ ಅಂಗಾತ ಮಲಗಿ ಬೋಲ್ಟು ಬಿಗಿಯುವ ಪಾನಾ ತಿರುಗಿಸುತ್ತಿದ್ದರು, ಮುಖವೆಲ್ಲ ಗ್ರೀಸು. ಸಾಣೆಕಲ್ಲನ್ನು ಗಾಡಿಯ ಹೊರಗೆ, ಹಿಂದಿನ ಮೆಟ್ಟಿಲ ಪಕ್ಕಕ್ಕೆ ಬಿಗಿದಿದ್ದರು. ಹಲಗೆಯನ್ನು ಉಜ್ಜಿ ತೊಳೆದು, ಮೇಲೆ ಜಮಖಾನ ಹಾಸಿಕೊಂಡು ಬಟ್ಟೆ ಕತ್ತರಿಸಲೆಂದು ನನ್ನ ಮಷೀನಿನ ಎಡಕ್ಕೆ ಕೂರಿಸಲು ಹೊರಗೆ ಒಣಗಿಸಿಟ್ಟಿದ್ದರು. ಮಷೀನಿನ ನಾಲ್ಕು ಕಾಲಿಗೂ ನೆಲಕ್ಕೆ ಬೋಲ್ಟು.

"ದಾರ್ಯಾಗ ಅಳ್ಳಾಡತೈತಿ ಅಂತ ಬಿಗದೆ" ಎಂದರು, ನನ್ನ ಮುಖ ನೋಡದೆ.

ಹುಕ್ಕೇರಿಯಿಂದ ಹತ್ತರಗಿಗೆ ಬಂದು ಹೆದ್ದಾರಿ ಸೇರುವಲ್ಲಿ ಇವರು ಗಾಡಿ ನಿಲ್ಲಿಸಿದರು. ಎಡಕ್ಕೆ ಬೆಳಗಾವಿ, ಧಾರವಾಡ. ಬಲಕ್ಕೆ ಸಂಕೇಶ್ವರ, ನಿಪ್ಪಾಣಿ, ಇನ್ನೂ ಮುಂದಕ್ಕೆ ನಾನು ಹೆಸರು ಮಾತ್ರ ಕೇಳಿದ್ದ ಊರುಗಳು. ಅಂಚೆ ಮುದ್ರೆಯಲ್ಲಿ ಓದಿದ್ದ ಊರುಗಳು. ಮುಂದೆ ಯಾವ ಊರು ಎಂದು ಅವರು ನನ್ನನ್ನು ಯಾವತ್ತೂ ಕೇಳಿದವರಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ನನ್ನ ಕಡೆ ತಿರುಗಿದರು.

"ಯಾವ ಕಡೆ ಹೊಳ್ಳಸಲಿ, ಹೇಳು."

"ಬಲಕ್ಕ" ಎಂದೆ.