ಅತ್ತೆಗೆ ಅಪ್ಪ ಉಳಿಸಿದ ಶಬ್ದ

ಎಪ್ಪತ್ತರ ದಶಕದ ಖಾನಾಪುರದಲ್ಲಿ ಇಂಗ್ಲಿಷ್ ಎಂದರೆ ನಮ್ಮಪ್ಪ. ಕನ್ನಡದವರು, ಮರಾಠಿಯವರು ಎಲ್ಲರೂ ಮಕ್ಕಳನ್ನು ತಂದು ಈ ಮಾಸ್ತರನ ಕೈಗೇ ಒಪ್ಪಿಸುತ್ತಿದ್ದರು. ಶಬ್ದಗಳ ವಿಷಯದಲ್ಲಿ ಅಪ್ಪನಿಗೆ ಮಡಿ ಜಾಸ್ತಿ. ಹೆಸರು ಮಾಡಿದವರನ್ನೆಲ್ಲ ಸುಮ್ಮನೆ ಫೇಮಸ್ ಎಂದುಬಿಟ್ಟರೆ ಸಿಡಿದೇಳುತ್ತಿದ್ದ.

"ಬೆಳಗಾವಿ ಕುಂದಾ ಫೇಮಸ್. ಆದ್ರ ಎಮಿನೆಂಟ್ ಅಲ್ಲ. ಎಮಿನೆಂಟ್ ಅಂದ್ರ ತನ್ನ ಕೆಲಸದಾಗ ಎಲ್ಲಾರಕಿಂತ ಮ್ಯಾಲ ಇದ್ದಾವ, ದೊಡ್ಡ ಡಾಕ್ಟರ್ ಇದ್ದಂಗ. ರಿನೌಂಡ್ ಅಂದ್ರ ಹೆಸರಿನ ಜೋಡಿ ಮರ್ಯಾದಿನೂ ಊರು ದಾಟಿ ಹೋಗಿರಬೇಕು. ಲೋಂಡಾ ಸ್ಟೇಶನ್ನಿನ ಕಿಸೆಗಳ್ಳನೂ ಎಲ್ಲಾರಿಗೂ ಗೊತ್ತು. ಅಂವ ನೊಟೋರಿಯಸ್, ಕೆಟ್ಟ ಹೆಸರಿನಾಂವ."

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಾಟಕ ಕಂಪನಿಯೊಂದು ನಮ್ಮೂರಲ್ಲಿ ಠಿಕಾಣಿ ಹೂಡಿತು. ಜೀಪಿನಿಂದ ತೂರಿದ ಹ್ಯಾಂಡ್‌ಬಿಲ್ಲಿನಲ್ಲಿ 'ಸುಪ್ರಸಿದ್ಧ ನಟಿ' ಎಂದು ಅಚ್ಚಾಗಿದ್ದ ಹೆಂಗಸು ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ, ನನ್ನ ಸೋದರತ್ತೆ. ಬೆಳಗಾವಿ ಶಹಾಪುರದ ತವರಿನ ಮಗ್ಗದ ಮನೆ ಬಿಟ್ಟು, ಯಾರ ಮಾತೂ ಕೇಳದೆ ಕಂಪನಿ ಸೇರಿದವಳು. ಅವ್ವ ಹೇಳಿದ್ದರಿಂದ ನನಗೆ ಇದು ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ಅತ್ತೆಯೇ. ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ನಾನೂ ಅಪ್ಪನೂ ಎದುರಾದಾಗ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಳೆ ಅಂಗಡಿ ಹೊಕ್ಕಳು. ಅಪ್ಪ ನಡಿಗೆಯನ್ನು ನಿಧಾನ ಕೂಡ ಮಾಡಲಿಲ್ಲ.

ಆ ವಾರ ನಮ್ಮ ಕ್ಲಾಸಿನಲ್ಲಿ ಅಪ್ಪ ಮತ್ತೆ ಆ ಶಬ್ದಗಳನ್ನೆಲ್ಲ ಬೋರ್ಡಿನ ಮೇಲೆ ಬರೆದಿದ್ದ. ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಸರ್, ಆ ನಾಟಕದಾಕಿ ಇದರಾಗ ಯಾವುದಕ್ಕ ಬರ್ತಾಳ್ರಿ?"

ಅಪ್ಪ ನನ್ನ ಕಡೆ ನೋಡಲಿಲ್ಲ. ಡಸ್ಟರ್ ತೆಗೆದುಕೊಂಡು ಉಳಿದ ಶಬ್ದಗಳನ್ನೆಲ್ಲ ಒರೆಸಿ ನೊಟೋರಿಯಸ್ ಒಂದನ್ನೇ ಬಿಟ್ಟ. ಕ್ಲಾಸು ಗೊಳ್ಳೆಂದು ನಕ್ಕಿತು. ನನಗೆ ಅಪ್ಪನ ಮೇಲೆ ಹೇಸಿಕೆ ಹುಟ್ಟಿದ್ದು ಆವತ್ತೇ. ಅದು ಬಹಳ ವರ್ಷ ಹೋಗಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ದಿನ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಸುದ್ದಿ ಬಂತು. ಹಳೆಯ ನಟಿಯೊಬ್ಬಳು ಬೆಳಗಾವಿಯ ಸರಕಾರಿ ಆಸ್ಪತ್ರೆಯಲ್ಲಿದ್ದಾಳೆ, ಉಳಿಯುವುದು ಕಷ್ಟ ಎಂದು. ಹೆಸರು ಅತ್ತೆಯದೇ. ಅಷ್ಟು ಹೊತ್ತಿಗೆ ಅಪ್ಪ ರಿಟೈರ್ ಆಗಿದ್ದ, ಅವ್ವ ತೀರಿಕೊಂಡಿದ್ದಳು. ಅಪ್ಪ ಪತ್ರಿಕೆ ಮಡಚಿಟ್ಟು, ಕೋಟು ಹಾಕಿಕೊಂಡು, ನನ್ನನ್ನೂ ಬಾ ಎಂದ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಯಾರರೇ ಕೇಳಿದ್ರ, ನಾ ಆಕಿ ಅಣ್ಣ ಅಂತ ಹೇಳಾಂವ," ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಅಂದ. ಇಳಿದ ಮೇಲೆ ಮಿಠಾಯಿ ಅಂಗಡಿಯಲ್ಲಿ ಕುಂದಾ ಕಟ್ಟಿಸಿಕೊಂಡ.

ಅತ್ತೆ ಹಾಸಿಗೆಗೆ ಅಂಟಿಹೋಗಿದ್ದಳು. ಕಣ್ಣಿಗೆ ಮಾತ್ರ ನಾವು ಯಾರೆಂದು ತಿಳಿಯಿತು. ನರ್ಸ್ ಅಪ್ಪನನ್ನು ಕೇಳಿದಳು:

"ನೀವು ಇವರಿಗೆ ಏನಾಗಬೇಕ್ರಿ?"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅತ್ತೆಯೇ ಮಾತಾಡಿದಳು:

"ಏನೂ ಆಗಬೇಕಿಲ್ಲವ್ವಾ. ಖಾನಾಪುರದ ಇಂಗ್ಲಿಷ್ ಮಾಸ್ತರ್ರು ಅವರು. ಭಾಳ ದೊಡ್ಡ ಹೆಸರು. ಪುಣ್ಯಾತ್ಮರು, ನೋಡಾಕ ಬಂದಾರ."

ಬಳೆ ಅಂಗಡಿ ಹೊಕ್ಕು ಅಣ್ಣನ ಮರ್ಯಾದೆ ಕಾಯ್ದವಳು, ಮಲಗಿದಲ್ಲಿಂದಲೂ ಅದನ್ನೇ ಮಾಡಿದಳು. ಅಲ್ಲ, ನಾ ಆಕಿ ಅಣ್ಣ ಎಂದು ಅಪ್ಪ ಅನ್ನಬಹುದಿತ್ತು. ನಾನು ಕಾಯ್ದೆ. ಅಪ್ಪ ಕುಂದಾದ ಪೊಟ್ಟಣವನ್ನು ಸ್ಟೂಲಿನ ಮೇಲಿಟ್ಟು, ಕೈ ಮುಗಿದು, "ಬರ್ತೀನ್ರಿ," ಎಂದ. ಎತ್ತಿ ಆಡಿಸಿದ ತಂಗಿಗೆ ರೀ ಹಚ್ಚಿ ಮಾತಾಡಿದ.

"ಹೋಗಿ ಬರ್ರಿ, ಸರ್," ಎಂದಳು ಅತ್ತೆ.

ಮುಂದಿನ ವಾರ ಅಪ್ಪ ನನಗೂ ಹೇಳದೆ ಒಬ್ಬನೇ ಹೋದ. ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರಂತೆ. ಅದೇ ನರ್ಸ್ ಅಪ್ಪನ ಗುರುತು ಹಿಡಿದು ಹೇಳಿದಳಂತೆ:

"ಕಂಪನಿಯವರು ಒಯ್ದು ಮಣ್ಣು ಮಾಡಿದ್ರು, ಸರ್. ತಿಳಸಬೇಕಂದ್ರ ಪಾಪ, ಆಕಿಗೆ ತನ್ನಾವ್ರು ಅನ್ನಾವ್ರು ಯಾರೂ ಇರಲಿಲ್ಲಲ್ರಿ."